ಖಾಲಿ ಜಾಗಗಳ ಎಣಿಕೆ

ಪುರಸಭೆ ಕಚೇರಿ
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊದಲು ಎಲ್ಲಾದರೂ ಕೂತುಕೋ. ನಾನಂತೂ ಬೆಳಗಿನಿಂದ ಒಂದು ಕಡತವನ್ನೂ ಬಿಚ್ಚಿಲ್ಲ. ಪಕ್ಕದ ಮೇಜಿನವಳು ಎರಡು ಸಲ ನೀರು ತಂದುಕೊಟ್ಟಳು. ಜ್ವರ ಎಂದು ಅವಳ ಬಾಯಿ ಮುಚ್ಚಿಸಿದ್ದೇನೆ.

ನೀನು ಬಿಟ್ಟುಹೋದ ಊರು ಹಾಗೆಯೇ ಇದೆ. ಗುಡ್ಡದ ಮೈ ಕಡಿದು ಮಾಡಿದ ಐದು ಹಂತದ ಸಂತೆ, ಒಬ್ಬೊಬ್ಬರಿಗೂ ಒಂದೊಂದು ಕಾಯಂ ಜಾಗ. ಹೆಸರು ಯಾರಿಗೆ ಬೇಕು? ಸೌಟಿನವಳು, ಕಂಬಳಿಯವನು, ನಮ್ಮಪ್ಪ ಹಗ್ಗದವನು. ಮೂರನೇ ಹಂತ ಕುಸಿದು ಕಣಿವೆಗೆ ಬಿದ್ದ ದಿನ ನನಗೆ ಎರಡು ವರ್ಷ, ನಿನಗೆ ಒಂಬತ್ತು. ಒಂದು ಹೆಣವೂ ಸಿಗಲಿಲ್ಲ. ಸಂಜೆಯಾದರೂ ಆ ಹಂತದವರಲ್ಲಿ ಯಾರ್‍ಯಾರು ಕಾಣಲಿಲ್ಲವೋ ಅವರ ಮನೆಗೆ ಹೋಗಿ ಹಿರಿಯರು ಒಂದೇ ಪ್ರಶ್ನೆ ಕೇಳಿದರಂತೆ: ಬೆಳಿಗ್ಗೆ ಸಂತೆಗೆ ಹೋದರಾ? ಹೌದು ಎಂದರೆ ಸತ್ತವರ ಪಟ್ಟಿಗೆ ಸೇರಿಸಿದರು. ಹೀಗೆ ಹನ್ನೊಂದು ಜನ.

ನಮ್ಮ ಮನೆಗೆ ಬಂದಾಗ ಅಮ್ಮ ಇರಲಿಲ್ಲ, ಕುಸಿದ ಜಾಗದಲ್ಲಿ ಬರಿಗೈಯಲ್ಲಿ ಮಣ್ಣು ತೋಡುತ್ತಿದ್ದಳು. ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಾಗಿಲು ತೆಗೆದವಳು ನೀನು. ಅಪ್ಪ ಹಗ್ಗದ ಸುರುಳಿ ಹೆಗಲಿಗೇರಿಸಿ ಸಂತೆಯ ಮೆಟ್ಟಿಲು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದೆಯಂತೆ.

ಇಪ್ಪತ್ತಾರು ವರ್ಷದ ಮೇಲೆ ಪುರಸಭೆಗೆ ಜ್ಞಾನೋದಯವಾಗಿ ಆ ಹನ್ನೊಂದು ಜನರಿಗೆ ಕಲ್ಲು ನಿಲ್ಲಿಸುತ್ತಿದೆ. ಪಟ್ಟಿ ಬರೆದವಳು ನಾನೇ. ತಪ್ಪಿದ್ದರೆ ತಿಳಿಸಿ ಎಂದು ಹೊರಗೆ ಅಂಟಿಸಿದ್ದೆ. ಶುಕ್ರವಾರ ಕಲ್ಲಿನ ಮೇಲಿನ ಬಟ್ಟೆ ಸರಿಸುವವಳು ಅಮ್ಮ. ಅದಕ್ಕೆಂದು ಹೊಸ ಚಪ್ಪಲಿ ಕೊಂಡು, ಕಾಲು ಕಚ್ಚುತ್ತದೆಂದು ಮನೆಯೊಳಗೇ ಹಾಕಿಕೊಂಡು ಓಡಾಡುತ್ತಿದ್ದಾಳೆ.

ಇವತ್ತು ಬೆಳಿಗ್ಗೆ ಹೇಸರಗತ್ತೆ ಹೊಡೆಯುತ್ತಿದ್ದ ಮುದುಕನೊಬ್ಬ ಬಂದು ಪಟ್ಟಿ ತಪ್ಪು ಎಂದ. ಹಗ್ಗದವನು ಆ ದಿನ ಸಂತೆಗೇ ಹತ್ತಲಿಲ್ಲ, ನಸುಕಿನಲ್ಲೇ ತನ್ನ ಜೊತೆ ಕಣಿವೆ ದಾಟಿ ಹೋದ ಎಂದ. ಅಕ್ಕ, ಬದುಕಿದ್ದವನನ್ನು ನಾವು ಇಷ್ಟು ವರ್ಷ ಸತ್ತವನೆಂದುಕೊಂಡು ಅತ್ತೆವೇ? ತಗಡಿನವನು ಎರಡು ಸಲ ಮದುವೆಗೆ ಕೇಳಿದಾಗಲೂ ಅಮ್ಮ, ಮಣ್ಣಡಿಯಲ್ಲಿ ಮಲಗಿದವನಿಗೆ ಏನೆಂದು ಹೇಳಲಿ ಎಂದು ತಲೆ ಅಲ್ಲಾಡಿಸಿದ್ದಳಲ್ಲ!

ಹಾಗಾದರೆ ನೀನು ಕಣ್ಣಾರೆ ಕಂಡದ್ದು ಯಾರನ್ನು? ಹದಿನೆಂಟಕ್ಕೇ ಊರು ಬಿಟ್ಟವಳು ನನ್ನ ಮದುವೆಗೂ ಬರಲಿಲ್ಲ. ನಿನಗೆ ಸೊಕ್ಕು ಎಂದುಕೊಂಡಿದ್ದೆ. ಒಂಬತ್ತು ವರ್ಷದವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿನಗೆ ಹತ್ತೊಂಬತ್ತಾಯಿತು, ಇಪ್ಪತ್ತೊಂಬತ್ತೂ ಆಯಿತು. ಒಂದು ಸಲವಾದರೂ ಬಾಯಿ ಬಿಡಬಾರದಿತ್ತೇ? ಕಲ್ಲುಕುಟಿಗ ನಾಡಿದ್ದು ಕೊನೆಯ ಸಾಲು ಕೆತ್ತುತ್ತಾನೆ. ಅಮ್ಮ ಆ ಬಟ್ಟೆ ಸರಿಸಬೇಕೋ ಬೇಡವೋ, ಅಷ್ಟರೊಳಗೆ ಬಂದು ಹೇಳು.

ಇಷ್ಟಾದರೂ ನಿನ್ನ
ಬಾಲಂಗೋಚಿ

ತಾ.ಕ.: ಹೇಸರಗತ್ತೆಯವನು ಯಾರೂ ಬಂದಿರಲಿಲ್ಲ, ಅಕ್ಕ. ನಿಜ ಬರೆಯಲು ಕೈ ಬರಲಿಲ್ಲ. ಬಂದದ್ದು ಅಪ್ಪನೇ. ನಾನು ಯಾರೆಂದು ಅವನಿಗೆ ತಿಳಿಯಲಿಲ್ಲ. ಹಗ್ಗದವನು ಎಂಬ ಸಾಲಿನ ಮೇಲೆ ಬೆರಳಿಟ್ಟು, "ಇದು ನಾನೇ ಕಣಮ್ಮ. ಅಮ್ಮ ಹುಡುಕ್ಕೊಂಡು ಬರಬಾರ್ದು, ಸಂತೆಗೆ ಹೋದ ಅಂತ ಹೇಳು ಅಂತ ದೊಡ್ಡ ಮಗಳಿಗೆ ಹೇಳಿದ್ದೆ. ಒಂದು ದಿನದ ಮಟ್ಟಿಗೆ ಅಷ್ಟೆ," ಎಂದ. ಆಮೇಲೆ ಹೆಂಡತಿ ಊರಲ್ಲೇ ಇದ್ದಾಳಾ ಎಂದು ಕೇಳಿದ. ನನ್ನ ಹಿಂದಿನ ಕಿಟಕಿಯಾಚೆ ಸಂತೆಯಲ್ಲಿ ಅಮ್ಮ ಗಿರಾಕಿಯೊಬ್ಬನಿಗೆ ಹಗ್ಗ ಅಳೆದು ಕೊಡುತ್ತಿದ್ದಳು. ನಾನು ಎದ್ದು ಕಿಟಕಿಗೆ ಅಡ್ಡ ನಿಂತು, ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದೆ. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿದ್ದು, ಹನ್ನೆರಡರ ಬಸ್ಸು ಹಿಡಿಯಲು ಗುಡ್ಡ ಇಳಿದುಹೋದ. ಬೇಗ ಬಾ. ಅಮ್ಮನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದವರು ಈಗ ನಾವಿಬ್ಬರು.