ಮೇಣ ಕಾಣದ ಪಿಕಪ್

ಮಾರ್ಚ್ ೩, ಬೆಳಿಗ್ಗೆ

ಮಹಾಗನಿ ಹಲಗೆಗಳು ಬಂದವು. ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ ನೋಡಿದೆ. ಒಂದಕ್ಕೆ ಜೀವವಿರಲಿಲ್ಲ. ವಾಪಸ್ ಕಳಿಸಿದೆ.

"ಅತ್ತಿಗೆ, ಹೆಣ್ಣು ನೋಡೋಕೆ ಹೋದವರೂ ಇಷ್ಟು ಪರೀಕ್ಷೆ ಮಾಡಲ್ಲ," ಎಂದ ಮೈದುನ. ನಿನ್ನ ಗರಗಸ ನೋಡಿಕೋ ಎಂದೆ. ಎಲೆಕ್ಟ್ರಿಕ್ ಗಿಟಾರೇ ಆದರೂ ದನಿ ಇರುವುದು ಮರದಲ್ಲಿ. ಮರ ಆರಿಸುವವಳು ನಾನು. ಈ ಕಾರ್ಖಾನೆ ನಿಂತಿರುವುದೇ ಆ ಮಾತಿನ ಮೇಲೆ.

ಸೊಸೆ ಏನೋ ಹೇಳಲು ನಿಂತಿದ್ದಳು. ಕೆಲಸ ಮುಗಿಯಲಿ ಎಂದೆ.

ಮಾರ್ಚ್ ೪

ಹೇಳಿದಳು. ಬೇರೆ ಊರಲ್ಲಿ ಸ್ವಂತ ಅಂಗಡಿ ಹಾಕುತ್ತಾಳಂತೆ. ಮಗ ತೀರಿಕೊಂಡ ಮೇಲೆ ನಮ್ಮಲ್ಲಿ ಪಿಕಪ್ ಸುತ್ತುವವಳು ಅವಳೊಬ್ಬಳೇ. ಹೋಗಲಿ. ಕಾಲು ಕಟ್ಟಿ ಹಾಕುವವಳಲ್ಲ ನಾನು. ಆದರೆ ಗೋಡೆಯ ಮೇಲಿರುವ ಅವನ ಗಿಟಾರನ್ನೂ ಕೇಳಿದಳು.

"ಅದರ ಮರ ನಾನು ಆರಿಸಿದ್ದು."

"ಮರ ನೀವೇ ಇಟ್ಕೊಳ್ಳಿ ಅತ್ತೆ. ಅವರು ಸುತ್ತಿದ ಪಿಕಪ್ ಕೊಡಿ ಸಾಕು. ಅವರ ದನಿ ಅದರಲ್ಲಿದೆ."

ನಗು ಬಂತು. ಮೀಟಿದ್ದನ್ನು ಸ್ಪೀಕರಿಗೆ ಮುಟ್ಟಿಸಲು ಒಂದು ಆಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಅಷ್ಟೇ ತಾನೆ ಪಿಕಪ್ ಅಂದರೆ?

"ದನಿ ಅದರಲ್ಲಿದೆ ಅಂತ ತೋರಿಸು. ತಗೊಂಡು ಹೋಗು," ಎಂದೆ. ಮೈದುನನ ಎದುರಿಗೇ ಎಂದೆ.

ಮಾರ್ಚ್ ೬, ಮಧ್ಯಾಹ್ನ

ಮಗನ ಗಿಟಾರನ್ನು ಆಂಪಿಗೆ ಸಿಕ್ಕಿಸಿದಳು. ಅವನು ಹೋದ ಮೇಲೆ ಮೊದಲ ಸಲ. ಸ್ಪೀಕರು ಶಿಳ್ಳೆ ಹೊಡೆದ ಹಾಗೆ ಕೂಗಿತು.

"ಪಿಕಪ್ಪನ್ನ ಕರಗಿಸಿದ ಮೇಣದಲ್ಲಿ ಅದ್ದಿಲ್ಲ ಅತ್ತೆ. ಸುತ್ತಿದ ತಂತಿ ಒಳಗೇ ನಡುಗುತ್ತೆ, ಅದಕ್ಕೇ ಕೂಗೋದು. ಅದ್ದೋಣ ಅನ್ನೋಷ್ಟರಲ್ಲಿ ಆಸ್ಪತ್ರೆಗೆ..."

ಗಿಟಾರಿನ ಮೇಲೆ ಬಾಗಿ "ಸದ್ದು ಕಮ್ಮಿ ಮಾಡೇ" ಎಂದೆ. ಅದೇ ಮಾತು ಸ್ಪೀಕರಿನಿಂದ ಬಂತು. ತೆಳ್ಳಗೆ... ಬಾವಿಯೊಳಗಿಂದ ಬಂದ ಹಾಗೆ.

ಮೈದುನನ ಉಳಿ ನಿಂತುಬಿಟ್ಟಿತು. "ಮೇಣ ಇಲ್ಲದ ಪಿಕಪ್ಪಿಗೆ ಮಾತೂ ಕೇಳಿಸುತ್ತೆ. ಹೆದರಬೇಡಿ," ಎಂದಳು ಸೊಸೆ.

ಹೆದರಿದವರು ಯಾರು?

ಮಾರ್ಚ್ ೭

ತೋರಿಸಿಯೇ ಬಿಟ್ಟಳು. ಅವನ ಗಿಟಾರಿಗೆ ತಾನು ಸುತ್ತಿದ ಪಿಕಪ್ ಹಾಕಿದಳು. ಅವನದನ್ನು ಒಂದು ಅಗ್ಗದ ಪ್ಲೈವುಡ್ ಗಿಟಾರಿಗೆ. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಒಂದಾದ ಮೇಲೊಂದು ನುಡಿಸಿದಳು.

ಮೊದಲನೆಯದು ಚೆನ್ನಾಗಿಯೇ ಇತ್ತು. ತುಂಬಿದ ದನಿ. ಆದರೆ ಯಾರದ್ದೋ.

ಎರಡನೆಯದು — ದಪ್ಪ ತಂತಿ ಮೀಟಿದಾಗ ಆ ಒರಟು. ಮಾತಿಗೆ ಮೊದಲು ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಹಾಗೆ. ಅವನು ಸುತ್ತಿದ್ದಕ್ಕೆಲ್ಲ ಅದು ಇರುತ್ತಿತ್ತು. ಉಳಿದವೆಲ್ಲ ಮಾರಿಹೋಗಿವೆ.

"ಪ್ಲೈವುಡ್ಡಲ್ಲಿ ದನಿ ಬೇಗ ಸಾಯುತ್ತೆ," ಎಂದೆ.

"ಸಾಯುತ್ತೆ ಅತ್ತೆ. ಆದರೆ ಯಾರ ದನಿ?"

ಮೈದುನ ಕಣ್ಣು ಒರೆಸಿಕೊಂಡು, "ಈ ಮರದ ಪುಡಿ ಒಂದು," ಎಂದ. ಅವತ್ತು ಯಾರೂ ಮರ ಕೊಯ್ದಿರಲಿಲ್ಲ.

ಗೋಡೆಯಿಂದ ತಿರುಗಲಿಲ್ಲ. "ತಗೊಂಡು ಹೋಗು," ಎಂದೆ.

ಮಾರ್ಚ್ ೯, ಸಂಜೆ

ಎಲ್ಲರೂ ಹೊರಗೆ. ಆಂಪಿನ ಸ್ವಿಚ್ ಹಾಕಿದೆ. ಪ್ಲೈವುಡ್ ಗಿಟಾರಿನ ಮೇಲೆ ಬಾಗಿ ಮಗನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು ಕರೆದೆ. ಕರೆದದ್ದು ನಾನೇ. ಸ್ಪೀಕರಿನಿಂದ ಬಂದದ್ದು ಮಾತ್ರ ಕರೆಯ ಹಾಗಿರಲಿಲ್ಲ. ಓಗೊಟ್ಟ ಹಾಗಿತ್ತು.

ಮತ್ತೆ ಕರೆದೆ.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ.

"ಇದನ್ನ ಮೇಣಕ್ಕೆ ಅದ್ದಬೇಡ," ಎಂದೆ.

"ಕೂಗುತ್ತೆ ಅತ್ತೆ. ಯಾರೂ ನುಡಿಸೋಕಾಗಲ್ಲ."

"ಕೂಗಲಿ."

ಬಂದು ಆಂಪಿನ ಸ್ವಿಚ್ ಆರಿಸಿದಳು.

ಮಾರ್ಚ್ ೧೧

ಹೊರಟಳು. ಪಿಕಪ್ಪನ್ನು ಹತ್ತಿಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಿದ್ದಳು. ಅವಳ ಪಿಕಪ್ಪನ್ನೂ ಬಿಚ್ಚಿಸಿದ್ದೆ. ಅವನ ಗಿಟಾರಿನಲ್ಲಿ ಬೇರೆಯವರ ದನಿ ಬೇಡ.

ಗೇಟಿನ ಹತ್ತಿರ ನಿಂತು, "ಇಲ್ಲೇ ಇರಲಿ ಅನ್ನಿ ಅತ್ತೆ. ಒಂದು ಮಾತು. ಇಟ್ಟು ಹೋಗ್ತೀನಿ," ಎಂದಳು.

"ಕೊಟ್ಟ ಮಾತು ವಾಪಸ್ ತಗೊಳ್ಳೋ ಮನೆಯಲ್ಲ ಇದು. ಬಸ್ಸು ತಪ್ಪುತ್ತೆ, ನಡಿ."

ಕಾಲು ಮುಟ್ಟಿದಳು. ಹೋದಳು.

ಏಪ್ರಿಲ್ ೨

ಬರೆಯಲು ಏನೂ ಇರಲಿಲ್ಲ.

ಇವತ್ತು ಫೋನು ಮಾಡಿದ್ದಳು. ಅಂಗಡಿ ನಡೆಯುತ್ತಿದೆಯಂತೆ. ಕೊನೆಗೆ, "ನಿನ್ನೆ ಅದ್ದಿದೆ ಅತ್ತೆ. ಈಗ ಕೂಗಲ್ಲ."

"ಮಾತಾಡಿ ನೋಡಿದೆಯಾ?"

"ನೋಡಿದೆ. ಏನೂ ಕೇಳಲ್ಲ."

ಒಳ್ಳೆಯದಾಯಿತು ಎಂದೆ. ಫೋನಿಟ್ಟೆ.

ಏಪ್ರಿಲ್ ೪, ಮಧ್ಯಾಹ್ನ

ಮೈದುನ ಊಟಕ್ಕೆ ಹೋಗಿದ್ದಾನೆ. ಯಂತ್ರಗಳು ನಿಂತಿವೆ. ಮಗನ ಗಿಟಾರನ್ನು ಗೋಡೆಯಿಂದ ಇಳಿಸಿದೆ. ಪಿಕಪ್ ಇದ್ದ ಜಾಗ ಬರೀ ಗುಂಡಿ. ಯಾವ ಆಂಪಿಗೂ ಇದರಿಂದ ಇನ್ನು ಸದ್ದು ಹೋಗದು.

ಗರಗಸ ಓಡುತ್ತಿರುವಾಗ ಶ್ರುತಿ ಮಾಡಬೇಕಾದರೆ ಅವನು ಇದರ ಮೇಲಿನ ಕೊಂಬಿಗೆ, ಕತ್ತಿನ ಪಕ್ಕ ಚಾಚಿದ ಮರದ ತುದಿಗೆ, ಕಿವಿ ಒತ್ತಿಕೊಳ್ಳುತ್ತಿದ್ದ. "ಅಮ್ಮಾ, ನಿನ್ನ ಮರ ಸೀದಾ ಎಲುಬಿಗೇ ಹೇಳುತ್ತೆ," ಎನ್ನುತ್ತಿದ್ದ. ಆ ಜಾಗದಲ್ಲಿ ಪಾಲಿಶ್ ಸವೆದಿದೆ.

ಅಲ್ಲಿಯೇ ಕಿವಿ ಇಟ್ಟು ಕೂತಿದ್ದೇನೆ. ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಪುಸ್ತಕದ ಮೇಲೆ. ಮರ ತಣ್ಣಗಿದೆ. ತಂತಿ ಇನ್ನೂ ಮುಟ್ಟಿಲ್ಲ.

ಒಳಗೆ ಯಾರೋ ಗಂಟಲು ಸರಿ —