ಯಾರೂ ಕೂರದ ಎಡಗಡೆ ಸೀಟು

ನಮ್ಮ ಯಜಮಾನರಿಗೆ,

ಹೆಸರು ಬರೆಯುವುದಿಲ್ಲ. ನೀವಿದ್ದಾಗಲೇ ಬಾಯಲ್ಲಿ ತರದ ಹೆಸರನ್ನು ಈಗ ಕಾಗದದ ಮೇಲೆ ಹೇಗೆ ತರಲಿ? ರೀ ಅಂದರೆ ಸಾಕು, ನಿಮಗೆ ಗೊತ್ತಾಗುತ್ತದೆ. ನೀವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ‘ಎಲ್ಲಿದೀಯೇ’ ಅಂದರೆ ನಾನು, ‘ಏನೇ’ ಅಂದರೂ ನಾನು. ಆದರೆ ನಿಮ್ಮ ಕಾರಿಗೆ ಮಾತ್ರ ಚೆಂದದ ಹೆಸರಿಟ್ಟಿರಿ. ಚೆಲುವಿ. ಇವತ್ತು ಅವಳ ಸುದ್ದಿ ಹೇಳಲಿಕ್ಕೇ ಕೂತಿದ್ದೇನೆ. ನೀವು ಹೋಗಿ ವರ್ಷ ತುಂಬುತ್ತಾ ಬಂತು, ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಅವಳು ಮನೆಗೆ ಬಂದ ದಿನ ನೆನಪಿದೆಯಾ? ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿದ ವಿಲಾಯಿತಿ ಕಾರು. ರೇಸಿನಲ್ಲಿ ಓಡುವ ಜಾತಿಯದಂತೆ. ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡ ಮೈ, ಎರಡೇ ಸೀಟು, ತಲೆಯ ಮೇಲೆ ಸೂರೇ ಇಲ್ಲ. ಅಕ್ಕಿ ಗಿರಣಿ ನಡೆಸುವವರಿಗೆ ಇದೇನು ಹುಚ್ಚು ಅಂತ ಶಿಕಾರಿಪುರದ ಪೇಟೆ ಬೀದಿಯೆಲ್ಲ ನಕ್ಕಿತು. ನಿಮಗೆ ದೃಷ್ಟಿ ತೆಗೆಯೋಣ ಅಂತ ನಾನು ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರೆ ನೀವು, “ನನಗಲ್ಲ, ಮೊದಲು ಇದಕ್ಕೆ ಎತ್ತು” ಅಂದಿರಿ. ಎತ್ತಿದೆ. ಕುಂಕುಮವನ್ನೂ ಇಟ್ಟೆ. ಅದು ಒಣಗುವ ಮೊದಲೇ, ಬಣ್ಣ ಕೆಡುತ್ತದೆ ಅಂತ ನಿಮ್ಮ ಪಂಚೆಯ ಚುಂಗಿನಲ್ಲಿ ಒರೆಸಿಬಿಟ್ಟಿರಿ. ಸವತಿಯನ್ನು ನಾನೇ ಕೈಯಾರೆ ಮನೆ ತುಂಬಿಸಿಕೊಂಡ ಹಾಗಾಯಿತು.

ಸೊರಬದಿಂದ ನನ್ನ ತಮ್ಮ ತನ್ನ ಹೊಸ ಕಾರನ್ನು ತೋರಿಸಲು ಬಂದಿದ್ದನಲ್ಲ, ಅವತ್ತು ನೀವು ಜಗಲಿಯ ಮೇಲೆ ಕೂತು ಅವನಿಗೆ ಪಾಠ ಹೇಳಿದಿರಿ. ಅವನದು ನಮ್ಮ ದೇಶದಲ್ಲೇ ತಯಾರಾದ ದೊಡ್ಡ ಕಾರು, ಮನೆಮಂದಿಯೆಲ್ಲ ಹಿಡಿಯುವಂಥದ್ದು. ನನಗೆ ಅದೇ ಚೆನ್ನಾಗಿ ಕಂಡಿತ್ತು. ನೀವು ಮೂಗು ಮುರಿದಿರಿ. “ಇಂಥವು ಊರಿಗೆ ನಾಕು ಅದಾವ. ನಾಳೆ ಮಾರಾಕ ಹೋದ್ರೆ ಕೊಟ್ಟಿದ್ರಾಗೆ ಅರ್ಧ ಬರಂಗಿಲ್ಲ. ನಂದು ಜಿಲ್ಲೆಗೆ ಒಂದು. ಮೊದಲು ಸ್ವಲ್ಪ ಇಳೀತತಿ, ಆಮ್ಯಾಲೆ ನಿಲ್ತತಿ, ಆಮ್ಯಾಲೆ ಏರಾಕ ಶುರು. ಆದ್ರೆ ಹೆಂಗ ಬಂತೋ ಹಂಗೇ ಇರಬೇಕು. ಅದೇ ಬಣ್ಣ, ಅದೇ ಎಂಜಿನ್, ಅದೇ ಸೀಟಿನ ಚರ್ಮ.” ಒಳಗಿಂದ ಕಾಫಿ ತಂದ ನಾನು ಸುಮ್ಮನಿರಬಾರದೇ? “ನನಗೂ ವಯಸ್ಸಾಗ್ತಾ ಬಂತು. ನನ್ನ ಬೆಲೆ ಏರ್ತದೋ ಇಳೀತದೋ?” ಅಂದೆ. “ನೀನೇನು ಮಾರೋ ಸಾಮಾನೇನೇ?” ಅಂತ ನೀವು ನಕ್ಕಿರಿ, ತಮ್ಮನೂ ನಕ್ಕ. ಮಾರುವ ಸಾಮಾನಾಗಿದ್ದರೆ ದಿನಕ್ಕೊಂದು ಸಲವಾದರೂ ನನ್ನ ಕಡೆ ತಿರುಗಿ ನೋಡುತ್ತಿದ್ದಿರೇನೋ ಅಂತ ಅಡುಗೆಮನೆಯಲ್ಲಿ ಅಂದುಕೊಂಡೆ.

ಆ ಕೌದಿಯ ವಿಷಯ ಮಾತ್ರ ನಾನು ಸತ್ತರೂ ಮರೆಯುವುದಿಲ್ಲ. ನಮ್ಮಮ್ಮ ತನ್ನ ಹಳೇ ಸೀರೆಗಳನ್ನು ಕೂಡಿಸಿ ಹೊಲಿದು ನನ್ನ ಜೊತೆ ಕಳಿಸಿದ ಕೌದಿ. ಒಂದು ದಿನ ಪೆಟ್ಟಿಗೆಯಲ್ಲಿ ಇಲ್ಲ. ಹುಡುಕಿದರೆ ಚೆಲುವಿಯ ಎಡಗಡೆ ಸೀಟಿನ ಮೇಲಿದೆ. ಡ್ರೈವರು ಕೂರುವ ಬಲಗಡೆ ಸೀಟು ಸವೆಯುವುದು ಹೇಗೂ ತಪ್ಪದು, ಎಡಗಡೆಯದಾದರೂ ಹೊಸದಾಗಿ ಉಳಿಯಲಿ ಅಂತ ನಿಮ್ಮ ಲೆಕ್ಕಾಚಾರ. ಬಿಸಿಲು ತಾಗಬಾರದು, ಧೂಳು ಕೂರಬಾರದು, ಯಾರೂ ಕೂರಬಾರದು. ನಾನು ಬಾಗಿಲ ಹಿಡಿಗೆ ಕೈ ಹಾಕಿದರೆ, “ಬ್ಯಾಡ ಮಾರಾಯ್ತಿ, ತಲೆಗೆ ಎಣ್ಣಿ ಹಚ್ಚಿದೀಯ” ಅಂದಿರಿ. ಎಣ್ಣೆ ಹಚ್ಚದ ದಿನವೂ ಒಂದು ಇತ್ತಲ್ಲರೀ, ಅವತ್ತು ಯಾಕೆ ಕರೆಯಲಿಲ್ಲ?

ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೊರಟ ದಿನವೂ ಅಷ್ಟೇ. ನೀವು ಕಾರಿನಲ್ಲಿ, ನಾನು ಬಸ್ಸಿನಲ್ಲಿ. ಶಿರಾಳಕೊಪ್ಪದ ಈಚೆಗೆ ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋದಿರಿ, ಕೈ ಬೇರೆ ಬೀಸಿದಿರಿ. ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದರು. ಪಕ್ಕದಲ್ಲಿ ಕೂತ ಹೆಂಗಸು ಕೇಳಿದಳು, “ನಿಮ್ಮ ಮನೇರೇನ್ರಿ ಅದು? ಪಕ್ಕದಾಗ ಜಾಗ ಐತಲ್ರಿ, ಮತ್ತೆ ನೀವ್ಯಾಕ ಇಲ್ಲಿ?” ನನಗೆ ಗಾಳಿ ಆಗಿಬರುವುದಿಲ್ಲ ಅಂತ ಹೇಳಿದೆ. ಅವಳು ಪಾಪ, ನಂಬಿ ಕಿಟಕಿಯನ್ನೂ ಮುಚ್ಚಿಸಿದಳು. ಸೆಕೆಯಲ್ಲಿ ಬೆಂದುಕೊಂಡು ಸೊರಬ ತಲುಪಿದರೆ ನೀವು ಸ್ನಾನ ಮುಗಿಸಿ, ತಿಂಡಿ ತಿಂದು, ತಣ್ಣಗೆ ಕೂತಿದ್ದಿರಿ.

ಒಂದು ಸಂಜೆ ನಾನು ತಡೆಯಲಾರದೆ ಜಗಳಕ್ಕೆ ನಿಂತೆ. ಗಂಡ ಹೊರಗಡೆ ಇನ್ನೊಬ್ಬಳನ್ನು ಇಟ್ಟುಕೊಂಡರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ಅಳಬಹುದು, ಈ ಕಬ್ಬಿಣದವಳ ಮೇಲೆ ಯಾರ ಹತ್ತಿರ ದೂರು ಹೇಳಲಿ ಅಂತ ಕೇಳಿದೆ. ನೀವು ಸಿಟ್ಟು ಮಾಡಲಿಲ್ಲ. ಬಟ್ಟೆಯಿಂದ ಬಾನೆಟ್ಟು ಒರೆಸುತ್ತಲೇ, “ಹುಚ್ಚಿ, ಇದನ್ನ ಹಿಂಗ ಇಟ್ಟಿರೋದು ಯಾರಿಗೆ ಅನ್ಕಂಡೀ? ನನಗೇನಾದ್ರೂ ಆದ್ರೆ ನೀನು ಯಾರ ಮುಂದೂ ಕೈ ಚಾಚಬಾರದು” ಅಂದಿರಿ. ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು, ನಿಜ. ಆದರೆ ಆಮೇಲೂ ನೀವು ನನ್ನ ಕಡೆ ನೋಡದೆ ಅವಳನ್ನೇ ಒರೆಸುತ್ತಿದ್ದಿರಿ. ನನಗೆ ಬೇಕಾಗಿದ್ದದ್ದು…

ಗಿರಣಿಯಲ್ಲಿ ಎದೆ ಹಿಡಿದುಕೊಂಡು ಕುಸಿದಿರಿ, ಮನೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹದಿಮೂರನೇ ದಿನ ಕಳೆಯಿತೋ ಇಲ್ಲವೋ, ಕಾರು ಕೇಳಿಕೊಂಡು ಜನ ಬರತೊಡಗಿದರು. ನಾನು ವಿಧವೆಯಾದ ಸುದ್ದಿಗಿಂತ ಮೊದಲು ಚೆಲುವಿ ಒಂಟಿಯಾದ ಸುದ್ದಿ ದಾವಣಗೆರೆ ಮುಟ್ಟಿತ್ತು ಅಂತ ಕಾಣುತ್ತದೆ. ನೀವು ಹೇಳಿದ ಹಾಗೇ ಆಯಿತು. ಸರ್ಕಾರ ಹೊರಗಿನ ಕಾರು ತರಿಸುವುದಕ್ಕೆ ಅಡ್ಡ ಹಾಕಿದೆಯಂತೆ, ಇರುವುದಕ್ಕೇ ಎಲ್ಲರೂ ಮುಗಿಬೀಳುತ್ತಿದ್ದಾರೆ. ನೀವು ಕೊಟ್ಟದ್ದಕ್ಕಿಂತ ಹೆಚ್ಚು ಕೊಡಲು ತಯಾರು. ತಮ್ಮ ತನ್ನ ಕಾರನ್ನು ಮಾರಲು ಹೋದರೆ ಮುಟ್ಟುವವರಿಲ್ಲ. “ಅಕ್ಕ, ಭಾವ ಗೆದ್ದುಬಿಟ್ರು ಕಣೆ” ಅಂತ ಅವನೂ ಹೊಟ್ಟೆ ಉರಿದುಕೊಂಡ. ಇಷ್ಟು ವರ್ಷದಲ್ಲಿ ಅವಳು ಒಂದು ಚೂರೂ ಇಳಿಯಲಿಲ್ಲ. ನನಗೆ ಕನ್ನಡಿ ನೋಡಲು ಮನಸ್ಸಿಲ್ಲ.

ಮೊನ್ನೆ ಸೋಮವಾರ ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಮಾತುಕತೆಗೆ ಇರಲಿ ಅಂತ ತಮ್ಮನನ್ನೂ ಕರೆಸಿದ್ದೆ. ಮಾರಿಬಿಡುವುದು ಅಂತ ಗಟ್ಟಿ ಮಾಡಿದ್ದೆ ರೀ, ಆಣೆಯಾಗಿ. ಸವತಿಯನ್ನು ಹೊರಗೆ ಹಾಕುವ ಅವಕಾಶ ಯಾರು ಬಿಡುತ್ತಾರೆ? ಆ ಮನುಷ್ಯ ಬಾನೆಟ್ಟು ಎತ್ತಿ ನೋಡಿದರು, ನೆಲಕ್ಕೆ ಮಲಗಿ ಕೆಳಗೆ ನೋಡಿದರು. ಆಮೇಲೆ ಕೌದಿ ಎತ್ತಿದರು. ನೀವು ಇಟ್ಟ ಹಾಗೇ ಇತ್ತು ಸೀಟು, ಒಂದು ಗೆರೆಯಿಲ್ಲ, ಒಂದು ಸುಕ್ಕಿಲ್ಲ. “ಒಮ್ಮಿನೂ ಯಾರೂ ಕುಂತಿಲ್ಲೇನ್ರಿ ತಾಯಿ? ಹಂಗಾರೆ ಇನ್ನಷ್ಟು ಸೇರಿಸಿ ಕೊಡ್ತೀನಿ” ಅಂದವರೇ ಹೆಂಡತಿಗೆ, “ಬಾ, ಕುಂತು ನೋಡು” ಅಂದರು.

ಕರೆದರು ನೋಡಿ. ಎಷ್ಟು ಸಲೀಸಾಗಿ ಕರೆದರು. ಆಕೆ ನೆರಿಗೆ ಎತ್ತಿಕೊಂಡು ಒಳಗೆ ಕೂತಳು, ನನ್ನ ಅಮ್ಮನ ಕೌದಿಯನ್ನು ಕಾಲಿನಲ್ಲಿ ಆಚೆ ಸರಿಸಿದಳು. ನನ್ನ ಮೈಯೆಲ್ಲ ಉರಿದುಹೋಯಿತು. “ಏಳ್ರೀ ಮೇಲೆ” ಅಂದೆ. ಆಕೆ ಗಂಡನ ಮುಖ ನೋಡುತ್ತಾ ಎದ್ದಳು. ನಾನು ತಮ್ಮನಿಗೆ, “ಬೀಗದ ಕೈ ತಗೋ, ನನ್ನನ್ನ ಸೊರಬಕ್ಕೆ ಕರ್ಕೊಂಡು ಹೋಗು, ಇದರಲ್ಲೇ” ಅಂದೆ. ಅವನು ಗಾಬರಿಯಾದ. “ಎಂತದೇ ಅಕ್ಕ ಇದು? ಭಾವ ಹೋಗಿ ವರ್ಷ ಆಗಲಿಲ್ಲ, ತೆರೆದ ಕಾರಲ್ಲಿ ಹೋದರೆ ಜನ ಎಂತ ಅಂದಾರು?” ಭಾವ ಇದ್ದಾಗ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅದು ಆಗಲಿಲ್ಲವಲ್ಲ ಅಂತ ನಾನಂದೆ. ಆ ವ್ಯಾಪಾರಿ ಕೈಮುಗಿದರು. “ನೀವು ಕುಂತ್ರೆ ರೇಟು ಇಳೀತತಿ, ತಾಯಿ. ನಿಮಗೇ ಲುಕ್ಸಾನು.”

“ಇಳೀಲಿ ಬಿಡ್ರಿ” ಅಂದು ಕೂತೇಬಿಟ್ಟೆ.

ಊರು ದಾಟುವ ತನಕ ತಲೆ ತಗ್ಗಿಸಿದ್ದೆ. ಆಮೇಲೆ ಎತ್ತಿದೆ. ರೀ, ಹೇಗೆ ಹೇಳಲಿ? ರಸ್ತೆ ನನ್ನ ಕಾಲಡಿಯಿಂದಲೇ ಹರಿದುಹೋಗುತ್ತಿತ್ತು. ಎತ್ತುಗಳ ಹೊಟ್ಟೆ ನನ್ನ ಕಣ್ಣಿನ ಎತ್ತರಕ್ಕೆ ಕಾಣುತ್ತಿತ್ತು. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೂ ನಿಲ್ಲಲಿಲ್ಲ. ತಾಳಗುಂದದ ಗದ್ದೆಗಳ ಮೇಲಿನ ಗಾಳಿ ಬಾಯಿಗೆ, ಮೂಗಿಗೆ, ರವಿಕೆಯ ತೋಳಿಗೆಲ್ಲ ತುಂಬಿತು. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನಕ್ಕೂ ಅದೇ ಜ್ವರ ಬರುತ್ತಿದೆ, ಊರೆಲ್ಲ ಹೆದರಿದೆ ಅಂತ ತಮ್ಮ ಏನೋ ಹೇಳುತ್ತಿದ್ದ. ನನಗೆ ಅರ್ಧ ಕೇಳಲಿಲ್ಲ, ಕೇಳಿದ್ದೂ ತಲೆಗೆ ಹೋಗಲಿಲ್ಲ. ಒಂದು ಇಳಿಜಾರಿನಲ್ಲಿ ಹೊಟ್ಟೆಯೊಳಗಿಂದ ನಗು ಬಂದುಬಿಟ್ಟಿತು. ಅವನು ನನ್ನನ್ನೇ ನೋಡಿದ. “ಅಕ್ಕ, ಜೋರಾಗಿ ಬಿಡ್ಲಾ?” ಅಂದ. ಬಿಡು ಅಂದೆ.

ಸೊರಬದ ಮನೆಯ ಮುಂದೆ ಇಳಿಯುವಾಗ ಅಳು ಬಂತು. ನಿಮ್ಮನ್ನು ನೆನೆದು ಅಳುತ್ತಿದ್ದಾಳೆ ಅಂತ ತಮ್ಮ ಅಂದುಕೊಂಡ. ನಿಮ್ಮನ್ನೇ ನೆನೆದೆ, ಆದರೆ ಅವನು ಅಂದುಕೊಂಡ ಹಾಗಲ್ಲ. ಇಷ್ಟು ವರ್ಷ ಆ ಕಾರಿನ ಮೇಲೆ ಸುಮ್ಮನೆ ಹೊಟ್ಟೆಕಿಚ್ಚು ಪಟ್ಟೆ, ಪಾಪ, ಅವಳದ್ದೇನು ತಪ್ಪು? ಇಂಥ ಸುಖವನ್ನು ದಿನಾ ಒಬ್ಬರೇ ಅನುಭವಿಸಿ, ಮನೆಗೆ ಬಂದು ಏನೂ ಆಗದವರ ಹಾಗೆ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದಿರಲ್ಲ. ಒಂದು ದಿನವಾದರೂ ಹೇಳಬೇಕು ಅನ್ನಿಸಲಿಲ್ಲವೇ ನಿಮಗೆ? ಈಗ ನಿಮ್ಮ ಮೇಲೆ ಹೊಟ್ಟೆಕಿಚ್ಚು ನನಗೆ. ಬರೀ ನಿಮ್ಮ ಮೇಲೆ.

ದಾವಣಗೆರೆಗೆ ಹೇಳಿ ಕಳಿಸಿದ್ದಾಯಿತು, ಕೊಡುವುದಿಲ್ಲ ಅಂತ. ಗಿರಣಿ ನಡೆಯುತ್ತಿದೆ, ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ, ನಾನು ಯಾರ ಮುಂದೂ ಕೈ ಚಾಚಬೇಕಿಲ್ಲ. ತಮ್ಮ ಸೋಮವಾರ ಸೋಮವಾರ ಬರಲು ಒಪ್ಪಿದ್ದಾನೆ. ಬರುವ ವಾರ ಬಂದಳಿಕೆಯ ಕಡೆ, ಆಮೇಲೆ ಅವನು ಕರೆದುಕೊಂಡು ಹೋದ ಕಡೆ. ನೀವು ನನಗೋಸ್ಕರ ಉಳಿಸಿದ ಬೆಲೆ ಅಲ್ಲವೇ ಅದು? ಮೂರು ಕಾಸಿಗೂ ಯಾರೂ ಕೇಳದ ಹಾಗಾಗುವ ತನಕ ಆ ಸೀಟಿನ ಮೇಲೆ ಕೂರುತ್ತೇನೆ.

ನಿಮ್ಮ ಮನೆಯವಳು