ಹೆಬ್ಬೆರಳು ಮುಟ್ಟಿ ಎಬ್ಬಿಸುವುದು

ಅಮ್ಮಾ,

ನನ್ನ ಕೆಮ್ಮು ಹೋಯಿತು, ಚಿಂತೆ ಬೇಡ. ಯುದ್ಧದಿಂದ ಬಂದ ಸೈನಿಕರ ಮನಸ್ಸಿನ ಗಾಯವನ್ನು ಸರ್ಕಾರ ಹೇಗೆ ನೋಡಿಕೊಳ್ಳುತ್ತೆ ಅನ್ನೋದು ನಮ್ಮ ಅಧ್ಯಯನ. ಹಾಗಾಗಿ ದಿನವಿಡೀ ಇಲ್ಲಿನ ಆಸ್ಪತ್ರೆಯಲ್ಲೇ ಇರುತ್ತೇನೆ. ಇವತ್ತು ಮಧ್ಯಾಹ್ನ ಮಲಗಿದ್ದ ಒಬ್ಬ ಸೈನಿಕರನ್ನು ಎಬ್ಬಿಸೋಣ ಅಂತ ಭುಜಕ್ಕೆ ಕೈ ಹಾಕಲು ಹೋದೆ. ನರ್ಸಮ್ಮ ನನ್ನ ರಟ್ಟೆ ಹಿಡಿದು ಎಳೆದರು.

"ಏಟು ತಿನ್ನೋ ಆಸೆನಾ? ನಿದ್ದೆಯಲ್ಲಿ ಬೆಚ್ಚಿ ಕೈ ಬೀಸಿಬಿಡ್ತಾರೆ. ಕಾಲ ಹತ್ತಿರ ನಿಂತು ಕೂಗಿ ಕರೀಬೇಕು, ಆಮೇಲೆ ಹೆಬ್ಬೆರಳು ಮುಟ್ಟಬೇಕು."

ಅಪ್ಪ ಇದ್ದಾಗಿನ ನಮ್ಮ ಹಜಾರ ಕಣ್ಣಿಗೆ ಕಟ್ಟಿತು. ಸೇನೆ ಬಿಟ್ಟು ಬಂದ ಮೇಲೆ ಅವರು ದಿನಾ ಮಧ್ಯಾಹ್ನ ಅಲ್ಲೇ ಮಲಗುತ್ತಿದ್ದರಲ್ಲ. ನೀನು ಟೀ ಲೋಟ ಹಿಡಿದು ಮಂಚದ ಕಾಲ್ದೆಸೆಯಲ್ಲಿ ನಿಂತು "ರೀ... ರೀ..." ಅಂತ ಕರೆದು ಹೆಬ್ಬೆರಳು ಮುಟ್ಟುತ್ತಿದ್ದೆ. ಅಮ್ಮ ದಿನಾ ಗಂಡನ ಕಾಲಿಗೆ ಬೀಳ್ತಾಳೆ ಅಂತ ನಾನೂ ಅಕ್ಕನೂ ಬಿದ್ದು ಬಿದ್ದು ನಗುತ್ತಿದ್ದೆವು. ಎದ್ದು ಕೂತ ಅಪ್ಪನೂ ನಗುತ್ತಿದ್ದರು.

ಕಾರ್ಡಿನಲ್ಲಿ ಜಾಗ ಮುಗೀತು. ಅಪ್ಪ ಸೇನೆ ಬಿಟ್ಟು ಬಂದ ಹೊಸದರಲ್ಲಿ ನಿನ್ನ ಕೈಯ ಕಿರುಬೆರಳು ಬಾಗಿಲಿಗೆ ಸಿಕ್ಕಿ ಡೊಂಕಾಯಿತು ಅಂತ ಹೇಳಿದ್ದೆಯಲ್ಲ, ಆ ಸಿಟ್ಟಿಗೆ ನಾನು ಎಷ್ಟು ದಿನ ಆ ಬಾಗಿಲನ್ನು ಒದ್ದಿದ್ದೆ!

ಪಾಪ, ಬಾಗಿಲು.

ನಿನ್ನ ಕಿರಿಮಗಳು